ಇಂಗ್ರಿಡ್‌ಗೆ ಕಟ್ಟಿದ ಅಂಟಿನುಂಡೆ

ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬಂದರೆ ನನಗೆ ಈಗಲೂ ಸ್ವೀಡನ್ನಿನ ಸೊಲ್ಲೆಂಟುನಾದ ಆ ಮಧ್ಯಾಹ್ನ ನೆನಪಾಗುತ್ತದೆ. ನನಗಾಗ ಎಂಟು ವರ್ಷ. ಎದುರು ಮನೆಯ ಇಂಗ್ರಿಡ್ ಕೊರಿಯಾದಿಂದ ಒಂದು ವರ್ಷದ ಹೆಣ್ಣುಮಗುವನ್ನು ದತ್ತು ತೆಗೆದುಕೊಂಡು ಬಂದಿದ್ದಳು. ಊರಿನಿಂದ ಬಂದಿದ್ದ ಅಜ್ಜಿ ಕೈಗೆ ತುಪ್ಪ ಸವರಿಕೊಂಡು ಅವಳಿಗೆಂದು ಅಂಟಿನುಂಡೆ ಕಟ್ಟಿದರು.

"ಅದು ಬಾಣಂತೀರಿಗೆ ಕೊಡೋದಲ್ವಾ ಅತ್ತೆ? ಅವಳೇನು ಹೆತ್ತಿಲ್ಲ," ಎಂದಳು ಅಮ್ಮ.

"ಮನೆಗೆ ಮಗು ಬಂದಿದೆಯಲ್ಲ, ಬಾಣಂತಿನೇ ಕಣೆ."

ನಮ್ಮ ಅಡುಗೆಮನೆಯಲ್ಲಿ ಕೂತು ಉಂಡೆ ತಿಂದ ಇಂಗ್ರಿಡ್ ಕಣ್ಣೊರೆಸಿಕೊಂಡಳು. ಮಗು ಅವಳ ಭುಜದ ಮೇಲಿಂದ ಬಾಗಿಲನ್ನೇ ನೋಡುತ್ತಿತ್ತು. ಅಜ್ಜಿ ಅದರ ಪಾದ ಸವರುತ್ತಾ, "ಅಲ್ಲಿ ಇದನ್ನ ಹೆತ್ತವಳಿಗೆ ಯಾರು ಉಂಡೆ ಕಟ್ಟಿಕೊಟ್ರೋ," ಎಂದರು.

ಅಜ್ಜಿ ಏನಂದರೆಂದು ಇಂಗ್ರಿಡ್ ಸ್ವೀಡಿಷ್‌ನಲ್ಲಿ ನನ್ನನ್ನು ಕೇಳಿದಳು. ಅಮ್ಮ ನನ್ನ ಮುಖ ನೋಡಿದಳು.

"ನೀವು ಇನ್ನೊಂದು ಉಂಡೆ ತಿನ್ನಬೇಕಂತೆ," ಎಂದೆ.