ಎರಡು ತೋಳಿನ ಕುಪ್ಪಸ

ಔಷಧಿಗಳೆಲ್ಲ ಸೋತ ಮೇಲೆ ಮನೆಗೊಬ್ಬರು ಮೈಯಲ್ಲಿ ಬಂದಳಿಕೆ ಗಿಡ ಹೊರುತ್ತಿದ್ದರು. ಕಾಶವ್ವನ ಎಡಭುಜದಲ್ಲಿ ಬೇರೂರಿದ್ದ ಗಿಡ ಅವಳ ನೆತ್ತರು ಹೀರಿಯೇ ಚಿಗುರುತ್ತಿತ್ತು; ಅದಕ್ಕೇ ಅವಳ ಕುಪ್ಪಸಗಳಿಗೆಲ್ಲ ಒಂದೇ ತೋಳು. ದಿನಾ ನಾಲ್ಕು ಎಲೆ ಅರೆದು, ಅವ್ವನ ಕಾಲಲ್ಲಿ ಕೊಳೆಯುತ್ತಿದ್ದ ಹುಣ್ಣಿಗೆ ಹಚ್ಚಿಕೊಳ್ಳಲು ಕೊಡುತ್ತಿದ್ದಳು. ಗಿಡ ಹೊತ್ತವರು ಹುಣ್ಣು ನೋಡಬಾರದೆಂಬುದು ರೂಢಿ.

“ಹುಣ್ಣು ಮಾಯ್ತು ಮಗಳ. ಎಷ್ಟ ಸೊರಗೀದಿ, ಇನ್ನ ಅದನ್ನ ಕಡಿಸ್ಕೊಂಡ ಬಾ,” ಎಂದಳು ಅವ್ವ.

ಒಬ್ಬರ ಮೈಗೆ ಬಂದಳಿಕೆ ಎರಡನೇ ಸಲ ಹತ್ತುವುದಿಲ್ಲ. ಆ ಮನೆಯಲ್ಲಿ ಬೇರೆ ಮೈಯೂ ಇರಲಿಲ್ಲ. ಮಾಯಿತಲ್ಲ ಎಂದು ಕಾಶವ್ವ ಖುಷಿಯಿಂದಲೇ ಕಡಿಸಿಕೊಂಡು ಬಂದಳು. ಅವ್ವ ಹೊಲಿದಿಟ್ಟಿದ್ದ ಎರಡು ತೋಳಿನ ಹೊಸ ಕುಪ್ಪಸ ತೊಟ್ಟು, ನಮಸ್ಕಾರಕ್ಕೆಂದು ಅವಳ ಕಾಲು ಮುಟ್ಟಿದಳು. ಸೀರೆಯಂಚಿನಡಿ ಬೆರಳು ಒದ್ದೆಯಾಯಿತು. ಹುಣ್ಣು ಇನ್ನೂ ಹಸಿಯಾಗಿತ್ತು.

“ಅವ್ವಾ!”

“ಎದ್ದು ತಿರುಗು, ನೋಡೂಣು,” ಎಂದಳು ಅವ್ವ, “ತೋಳು ಸರಿ ಕುಂತಾವೇನು?”