ಗಿಳಿಯ ಹಸಿರು

1934, ಮಾಘ ಮಾಸದ ಒಂದು ರವಿವಾರ, ಮಧ್ಯಾಹ್ನ ಎರಡು ಗಂಟೆ. ಧಾರವಾಡದ ನಮ್ಮ ಪಡಸಾಲೆಯಲ್ಲಿ ಅಪ್ಪ, ಅವ್ವ, ಅಕ್ಕ ಮತ್ತು ನಾನು ಇದ್ದೆವು. ಇಂದಿಗೂ ಲಕೋಟೆ ಅಂಟಿಸುವಾಗ ಗೋಂದಿನ ವಾಸನೆ ಬಂದರೆ ನಾನು ಅಲ್ಲಿಯೇ ಕೂತಿರುತ್ತೇನೆ.

ತಾಮ್ರದ ತಗಡಿನಿಂದ ಅಚ್ಚಾದ ಹಕ್ಕಿಗಳ ಚಿತ್ರಗಳಲ್ಲಿ ಕಪ್ಪು ಗೆರೆಯಷ್ಟೇ ಇರುತ್ತಿತ್ತು. ಅವಕ್ಕೆ ಕೈಯಿಂದ ಬಣ್ಣ ತುಂಬುವುದು ಅಪ್ಪನ ಉದ್ಯೋಗ. ಗಿಳಿಗಳು ಅಕ್ಕನ ಪಾಲು. ಪ್ರತಿ ಗರಿಗೂ ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪು ಮಾಡಬೇಕು. ಅದು ಅಪ್ಪ ಕಲಿಸಿದ ಶಿಸ್ತು. ಬಣ್ಣಕ್ಕೆ ಗೋಂದು, ಬೆಲ್ಲದ ನೀರು ಬೆರೆಸುತ್ತಿದ್ದುದರಿಂದ ಎಲ್ಲ ಬಟ್ಟಲುಗಳಿಗೂ ಇರುವೆ ಮುತ್ತುತ್ತಿದ್ದವು. ಹಸಿರಿನ ಬಟ್ಟಲಿನ ಸುತ್ತ ಮಾತ್ರ ಅವು ಸತ್ತು ಬಿದ್ದಿರುತ್ತಿದ್ದವು. ಅವ್ವ ಗುಡಿಸಿ ಹಾಕುತ್ತಿದ್ದಳು.

“ನಾಲಿಗಿ ತೋರಸು. ನೀನೂ ಗಿಣಿ ಆದಿ ನೋಡು,” ಅಂದರು ಅಪ್ಪ.

“ಹಂಗಾರ ಪ್ಯಾರಲಹಣ್ಣು ತಂದುಕೊಡ್ರಿ,” ಅಂದಳು ಅಕ್ಕ. ತಿಂಗಳಿಂದ ಅವಳ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಬಂದರು. ಅಕ್ಕನ ನಾಡಿ ಹಿಡಿದು, “ಹೊರಗಿಂದು ಏನರ ತಿನಸೀರೇನು?” ಎಂದು ಕೇಳಿದರು.

“ಇಲ್ರಿ. ಗಂಜಿ ಬಿಟ್ರ ಬಾಯಿಗೆ ಏನೂ ಸೋಕಿಸಿಲ್ರಿ,” ಅಂದಳು ಅವ್ವ.

ಡಾಕ್ಟರು ಪುಡಿ ಕೊಟ್ಟು ಹೋದರು. ಆ ವರ್ಷದ ಯುಗಾದಿಗೆ ಅಕ್ಕ ಇರಲಿಲ್ಲ.

ಅವತ್ತು ಡಾಕ್ಟರು ಅತ್ತ ಹೋದ ಮೇಲೆ, “ಸಾಕು, ಮಲ್ಕೋ ಹೋಗು ಮಗಳ,” ಅಂದರು ಅಪ್ಪ.

“ಒಂದು ರೆಕ್ಕಿ ಅಷ್ಟ ಉಳದದರಿ,” ಎಂದು ಅಕ್ಕ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡಳು. ಗೆರೆ ದಾಟದಂತೆ ರೆಕ್ಕೆಗೆ ಹಸಿರು ತುಂಬಿದಳು. ಅಪ್ಪ ಆ ಚಿತ್ರವನ್ನು ಬೆಳಕಿಗೆ ಹಿಡಿದು, “ಛಲೋ ಬಂದದ,” ಅಂದು, ಒಣಗಲು ದಾರಕ್ಕೆ ಸಿಕ್ಕಿಸಿದರು.