ಹಳ್ಳಕ್ಕೆ ಬಿಟ್ಟ ಬಣ್ಣ

“ಡಬ್ಬಿಗೆ ಯಾರೂ ಕೈ ಹಾಕ್ಬಾರ್ದು!” ಎಂದು ಗದರಿಸಿ ಸಾಹೇಬರು ತಾವೇ ಮುಚ್ಚಳ ಕಿತ್ತರು. ಕಿತ್ತ ರಭಸಕ್ಕೆ ಕೆಂಪು ಪುಡಿ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು.

“ಒಣಗಿದ್ದಾಗ್ಲೇ ಕೊಡವಿಬಿಡಿ ಸಾರ್, ನೀರಿಗೆ ಹಾಕ್ಬೇಡಿ,” ಎಂದಳು ಹಳ್ಳದ ದಡದ ಮನೆಯ ಇಸ್ತ್ರಿ ಅಕ್ಕ.

“ನಿನ್ನ ಬುದ್ಧಿ ನಿನ್ನ ಹತ್ರಾನೇ ಇರ್ಲಿ.”

ನಗರಸಭೆಯ ಈ ಸಾಹೇಬರು ಹಳ್ಳದ ಕಡೆ ಬಂದಾಗಲೆಲ್ಲ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಮಾತಾಡುತ್ತಿದ್ದರು. ದಡದ ಹದಿನೆಂಟು ಮನೆಯವರ ಬಾಯಲ್ಲಿ ಅವರು ಕರ್ಚೀಫು ಸಾಹೇಬರು. ಹಳ್ಳಕ್ಕೆ ಯಾರೋ ಕೊಚ್ಚೆ ಬಿಡುತ್ತಿದ್ದಾರೆಂದು ದೂರು ಬಂದಿತ್ತು. ಸಾಹೇಬರ ಲೆಕ್ಕದಲ್ಲಿ ಯಾರೋ ಏನು ಬಂತು, ಇವರೇ! ಇಂಥವರಿಗೆ ಹಳ್ಳವೂ ಒಂದೇ, ತಿಪ್ಪೆಯೂ ಒಂದೇ. ಪರೀಕ್ಷೆ ಬರೀ ನೆಪಕ್ಕೆ. ಡಬ್ಬಿಯ ಕೆಂಪು ಪುಡಿ ನೀರಿಗೆ ಬಿದ್ದರೆ ಕಡುಹಸಿರು, ಚಿಟಿಕೆ ಸಾಕು. ಹಸಿರು ಯಾವ ಮನೆಯಿಂದ ಹಳ್ಳಕ್ಕೆ ಇಳಿಯುತ್ತದೋ ಆ ಮನೆಗೆ ಬೀಗ. ನೋಟಿಸಿಗೆ ಸಹಿಯೂ ಆಗಿತ್ತು, ಮನೆ ನಂಬರಿನ ಜಾಗ ಮಾತ್ರ ಖಾಲಿ ಇತ್ತು.

“ನಮ್ಮದೆಲ್ಲ ಗುಂಡಿ ಕಕ್ಕಸು ಸಾರ್, ಹಳ್ಳಕ್ಕೆ ಹೋಗಲ್ಲ,” ಎಂದಳು ಇಸ್ತ್ರಿ ಅಕ್ಕ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳಂತೆ!”

ಹದಿನೆಂಟು ಕಕ್ಕಸಿಗೂ ಪುಡಿ ಹಾಕಿ ನೀರು ಸುರಿಸಿದರು. ಸಂಜೆಯವರೆಗೆ ಕಾದರೂ ಹಳ್ಳ ಇದ್ದ ಹಾಗೇ ಇತ್ತು. ಕಳ್ಳರ ನೀರೂ ಕಳ್ಳನೀರೇ, ಬೆಳಿಗ್ಗೆ ಬಂದೇ ಬರುತ್ತದೆ ಎಂದುಕೊಂಡು ಸಾಹೇಬರು ಜೀಪು ಹತ್ತಿದರು. ಸುತ್ತು ರಸ್ತೆಯಲ್ಲಿ ಮನೆಗೆ ಅರ್ಧ ಗಂಟೆಯ ದಾರಿ. ಆ ಕೊಂಪೆಯ ಕೊಳೆ ಮನೆಯೊಳಗೆ ಬರಬಾರದೆಂದು ಪ್ಯಾಂಟನ್ನು ಹೆಂಡತಿಯ ಕೈಗೆಸೆದು ಸ್ನಾನಕ್ಕೆ ನಡೆದರು.

ಬೆಳಿಗ್ಗೆ ಮೇಲಧಿಕಾರಿ ಮೇಡಂ ಬರುವಷ್ಟರಲ್ಲಿ ಹಳ್ಳ ಗಿಣಿಹಸಿರಾಗಿತ್ತು.

“ನೋಡಿದ್ರಾ ಮೇಡಂ? ಖಾಲಿ ಜಾಗದಲ್ಲಿ ಒಂದರಿಂದ ಹದಿನೆಂಟು ಅಂತ ಬರೀಲಾ?”

ಹೆಂಗಸರು ಅಳತೊಡಗಿದರು. ಒಬ್ಬಾಕೆ ಆಗಲೇ ಪಾತ್ರೆಪಗಡಿ ಹೊರಗಿಡುತ್ತಿದ್ದಳು. ಇಸ್ತ್ರಿ ಅಕ್ಕ ಮಾತ್ರ ಹಳ್ಳದ ಮೇಲ್ಗಡೆಗೆ ಕೈ ತೋರಿಸಿದಳು.

“ಹಸಿರು ಆ ಕಡೆಯಿಂದ ಬರ್ತಿದೆ ಮೇಡಂ. ನಮ್ಮನೆ ನೀರು ದಿಬ್ಬ ಹತ್ತುತ್ತಾ?”

ಮೇಡಂ ಹಸಿರಿನ ಜಾಡು ಹಿಡಿದು ನಡೆದರು. ಸಾಹೇಬರು ಮುಳ್ಳುಕಂಟಿಗೆ ಶಾಪ ಹಾಕುತ್ತ ಹಿಂಬಾಲಿಸಿದರು. ಆ ಕಡೆಗೆ ಅವರು ಹೆಜ್ಜೆ ಇಟ್ಟಿದ್ದು ಇದೇ ಮೊದಲು. ಹತ್ತೇ ನಿಮಿಷ. ಪೊದೆಯೊಳಗಿನ ಕೊಳವೆಯೊಂದರಿಂದ ಹಸಿರು ಸುರಿಯುತ್ತಿತ್ತು. ಅದರಾಚೆಗೆ ಹಳ್ಳದ ನೀರು ತಿಳಿಯಾಗಿತ್ತು. ಕೊಳವೆಯ ಮೇಲೆ ಎತ್ತರದ ಕಾಂಪೌಂಡು ಗೋಡೆ.

ಸಾಹೇಬರು ಕುಗ್ಗಲಿಲ್ಲ. “ಥೂ, ಓದಿದವ್ರ ಬಡಾವಣೆ! ಮುಂದುಗಡೆ ಹೂಕುಂಡ, ಹಿಂದುಗಡೆ ಹೇಸಿಗೆ. ಯಾವನೇ ಆಗ್ಲಿ ಬಿಡಬೇಡಿ ಮೇಡಂ, ಇವತ್ತೇ ಬೀಗ ಜಡಿಯೋಣ.”

ಮೇಡಂ ನೋಟಿಸು ಬಿಡಿಸಿ ಪೆನ್ನು ತೆಗೆದು, “ಯಾರದ್ರೀ ಈ ಮನೆ?” ಎಂದು ಕೂಗಿದರು.

ಗೋಡೆಯ ಮೇಲಿಂದ ಒಂದು ತಲೆ, ಮೊಣಕೈವರೆಗೆ ಹಸಿರಾದ ಎರಡು ಕೈ ಕಾಣಿಸಿದವು: “ಅಯ್ಯೋ, ನೀವೇನ್ರೀ ಇಲ್ಲಿ? ನಿಮ್ಮ ಪ್ಯಾಂಟು ಐದು ನೀರಲ್ಲಿ ಜಾಲಿಸಿದ್ರೂ ಬಣ್ಣ ಬಿಡ್ತಾನೇ ಇದೆ ಕಣ್ರೀ!”